ಇಪ್ಪತ್ತನೇ ನಂಬರಿನ ಗೆರೆ

ಮಾರಾಟಶಾಸ್ತ್ರದ ಯಾವ ಪಠ್ಯಪುಸ್ತಕ ತೆರೆದರೂ ಸರಕಿನ ವಿಂಗಡಣೆ ಗಿರಾಕಿಯಿಂದಲೇ ಶುರುವಾಗುತ್ತದೆ. ಯೋಚಿಸದೆ ಹತ್ತಿರದ ಅಂಗಡಿಯಲ್ಲಿ ಕೊಳ್ಳುವ ದಿನಬಳಕೆಯ ಸರಕು, ನಾಲ್ಕಾರು ಅಂಗಡಿ ಸುತ್ತಿ ಬೆಲೆ, ಗುಣ ನೋಡಿ ಕೊಳ್ಳುವ ಸರಕು, ಇದೇ ಬೇಕೆಂದು ಹಟ ಹಿಡಿದು ಕೊಳ್ಳುವ ವಿಶೇಷ ಸರಕು. ಈ ಮೂರು ಪಾಲನ್ನು ರೂಢಿಗೆ ತಂದವರು ಹಾರ್ವರ್ಡಿನ ಮೆಲ್ವಿನ್ ಕೋಪ್‌ಲೆಂಡ್, 1923ರಲ್ಲಿ. ಅದಕ್ಕೂ ಮುಂಚೆ, 1912ರಲ್ಲಿ, ಅವರು ಅಮೆರಿಕದ ಹತ್ತಿ ಗಿರಣಿ ಉದ್ಯಮದ ಬಗ್ಗೆ ಒಂದು ಗ್ರಂಥ ಬರೆದಿದ್ದರು ಎಂಬುದು ಆ ಪಠ್ಯಪುಸ್ತಕಗಳಿಗೆ ನೆನಪಿರುವುದಿಲ್ಲ. ಅವರ ಮೂರು ಪಾಲನ್ನು ಹಿಡಿದುಕೊಂಡು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಹತ್ತಿಯ ಲೋಕಕ್ಕೆ ಬಂದರೆ ಲೆಕ್ಕ ತಾಳೆಯಾಗುವುದಿಲ್ಲ. ಇಲ್ಲಿನ ನೂಲಿನ ಗಿರಣಿಗಳ, ಬನಿಯನ್ ಕಂಪನಿಗಳ ಸರಕುಪಟ್ಟಿಯಲ್ಲಿ ಕಾಣುವ ಗೆರೆಗಳಲ್ಲಿ ಬಹುಪಾಲನ್ನು ಎಳೆದವರು ಸುಂಕದವರು ಮತ್ತು ಕೋಟಾ ಹಂಚುವವರು. ಕಂಪನಿಗಳು ಆ ಗೆರೆಗಳ ನಡುವೆ ತಮ್ಮ ಸರಕನ್ನು ಹೊಂದಿಸಿಕೊಂಡವು. ಉಡುವವನನ್ನು ನೋಡಿ ವಿಂಗಡಿಸುವ ಪದ್ಧತಿ ಬಂದದ್ದು ಬಹಳ ತಡವಾಗಿ, ಅದೂ ಅರ್ಧಂಬರ್ಧ.

ನೂಲಿನ ನಂಬರನ್ನೇ ತೆಗೆದುಕೊಳ್ಳಿ. 840 ಗಜದ ಎಳೆ ಒಂದು ಲಡಿ. ಅಂಥ 40 ಲಡಿ ಸೇರಿ ಒಂದು ಪೌಂಡ್ ತೂಗಿದರೆ ಅದು 40ನೇ ನಂಬರಿನ ನೂಲು. ನಂಬರ್ ಏರಿದಷ್ಟೂ ನೂಲು ನಯ. ಇದು ಬ್ರಿಟನ್ನಿನ ಗಿರಣಿಗಳ ಅಳತೆ. ಬ್ರಿಟಿಷ್ ಉದ್ಯಮಿ ರಾಬರ್ಟ್ ಸ್ಟೇನ್ಸ್ 1888ರಲ್ಲಿ ಕಟ್ಟಿದ ಗಿರಣಿಯ ಮೂಲಕ ಕೊಯಮತ್ತೂರಿಗೂ ಅದೇ ಅಳತೆ ಬಂತು. ಆ ಗಿರಣಿ ಇನ್ನೂ ಹೊಸದಾಗಿದ್ದಾಗಲೇ, 1894ರಲ್ಲಿ, ಭಾರತ ಸರ್ಕಾರ ಬೊಕ್ಕಸ ತುಂಬಿಕೊಳ್ಳಲು ಆಮದು ಬಟ್ಟೆಯ ಮೇಲೆ ಶೇಕಡ 5ರ ಸುಂಕ ಹಾಕಿತು. ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿ ಮಾಲೀಕರು ಸುಮ್ಮನಿರಲಿಲ್ಲ. ಅವರನ್ನು ಸಮಾಧಾನಪಡಿಸಲು ಇಲ್ಲಿನ ಗಿರಣಿಗಳ 20ನೇ ನಂಬರಿಗಿಂತ ಮೇಲಿನ ನೂಲಿಗೂ ಶೇಕಡ 5ರ ಅಬಕಾರಿ, ಅಂದರೆ ತಯಾರಿಕೆಯ ಮೇಲಿನ ತೆರಿಗೆ, ಬಿತ್ತು. ಆಗ ಇಲ್ಲಿನ ಗಿರಣಿಗಳು ಹೆಚ್ಚಾಗಿ ನೂಲುತ್ತಿದ್ದದ್ದು ದಪ್ಪ ನೂಲು, ಲ್ಯಾಂಕಷೈರ್ ಕಳಿಸುತ್ತಿದ್ದದ್ದು ನಯವಾದದ್ದು. ಸ್ಪರ್ಧೆ ಎಲ್ಲಿ ಶುರುವಾಗುತ್ತದೆಂದು ಅಂದಾಜಿಸಿ ಅಲ್ಲಿಗೆ ಗೆರೆ ಎಳೆದರು. ಲ್ಯಾಂಕಷೈರಿಗೆ ಅಷ್ಟೂ ಸಾಲದಾಗಿ, ಎರಡೇ ವರ್ಷಕ್ಕೆ ಗೆರೆ ಜಾಗ ಬದಲಿಸಿತು. 1896ರಲ್ಲಿ ನೂಲನ್ನು ಬಿಟ್ಟುಬಿಟ್ಟು, ಗಿರಣಿಯಲ್ಲಿ ನೇಯ್ದ ಬಟ್ಟೆಗೆಲ್ಲ ಶೇಕಡ 3.5ರ ತೆರಿಗೆ ಹಾಕಿದರು. ಕೈಮಗ್ಗದ ಬಟ್ಟೆ ಮಾತ್ರ ಹೊರಗುಳಿಯಿತು. ನಂಬರಿನ ಜಾಗಕ್ಕೆ ಮಗ್ಗ ಬಂದು ಕೂತಿತು, ಅಷ್ಟೆ. ಉಡುವವನಿಗೆ ಏನು ಬೇಕೆಂದು ಎರಡು ಸಲವೂ ಯಾರೂ ಕೇಳಲಿಲ್ಲ.

ಸ್ವಾತಂತ್ರ್ಯದ ನಂತರ ಗೆರೆಗಳು ಕಡಿಮೆಯಾಗಲಿಲ್ಲ. ಅಬಕಾರಿ ಪಟ್ಟಿ ಗಿರಣಿ ಬಟ್ಟೆಯನ್ನು ಐದು ದರ್ಜೆಗೆ ಕತ್ತರಿಸಿತು. ಸರಾಸರಿ ನಂಬರ್ 17ಕ್ಕಿಂತ ಕಡಿಮೆಯಾದರೆ ಒರಟು, 17ರಿಂದ 25 ಮಧ್ಯಮ-ಬಿ, 26ರಿಂದ 34 ಮಧ್ಯಮ-ಎ, 35ರಿಂದ 47 ನಯ, 48 ಮತ್ತು ಮೇಲೆ ಅತಿನಯ. ಇದಕ್ಕಿಂತ ಆಳಕ್ಕೆ ಇಳಿದದ್ದು ನೂಲನ್ನು ಹೇಗೆ ಸುತ್ತಬೇಕೆಂಬ ನಿಯಮ. ಕೈಮಗ್ಗಕ್ಕೆ ನೂಲು ಬೇಕಾದದ್ದು ಲಡಿಯ ರೂಪದಲ್ಲಿ, ಪವರ್‌ಲೂಮಿಗೂ ನಿಟ್ಟಿಂಗ್ ಯಂತ್ರಕ್ಕೂ ಕೋನಿನ ರೂಪದಲ್ಲಿ. ನೇಕಾರರಿಗೆ ನೂಲು ತಪ್ಪಬಾರದೆಂದು ಗಿರಣಿಗಳು ಒಳನಾಡಿಗೆ ಮಾರುವ ನೂಲಿನ ಒಂದು ಪಾಲನ್ನು ಲಡಿಯಾಗಿಯೇ ಕೊಡಬೇಕೆಂದು ಸರ್ಕಾರ ಕಡ್ಡಾಯ ಮಾಡಿತು. ಬಹುಕಾಲ ಆ ಪಾಲು ಅರ್ಧದಷ್ಟಿತ್ತು, 2003ರಲ್ಲಿ ಶೇಕಡ 40ಕ್ಕೆ, 2019ರಲ್ಲಿ 30ಕ್ಕೆ ಇಳಿಯಿತು. ಆಗ ಲಡಿಗೆ ಅಬಕಾರಿ ವಿನಾಯಿತಿ ಇತ್ತು, ಕೋನಿಗೆ ತೆರಿಗೆ ಇತ್ತು. ಒಂದೇ ಹತ್ತಿ, ಒಂದೇ ನಂಬರ್, ಒಂದೇ ಗಿರಣಿ. ಸುತ್ತಿದ ಬಗೆ ಬೇರೆಯಾದದ್ದಕ್ಕೆ ಎರಡು ಸರಕು, ಎರಡು ಬೆಲೆ. ಸಿರುಮುಗೈಯಂಥ ಊರುಗಳ ಕನ್ನಡ ಮನೆಮಾತಿನ ದೇವಾಂಗ ನೇಕಾರರ ಹೆಸರಿನಲ್ಲಿ ಹುಟ್ಟಿದ ವಿನಾಯಿತಿಯ ನೂಲು ಪವರ್‌ಲೂಮುಗಳ ಕಡೆಗೆ ಹರಿದುಹೋಗುತ್ತದೆಂಬ ದೂರು ಹತ್ತಾರು ವರ್ಷ ನಡೆದದ್ದು ಇದರಿಂದಲೇ.

ಗೆರೆ ಎಳೆಯುವವನು ಉಡುವವನಲ್ಲ ಎಂಬ ಸಂಗತಿ ತಿರುಪ್ಪೂರಿನಲ್ಲಿ ಇನ್ನೂ ನಿಚ್ಚಳ. ಪಕ್ಕದಲ್ಲಿ ಹೊಲಿಗೆಯಿಲ್ಲದೆ ಕೊಳವೆಯಂತೆ ಹೆಣೆದು ಬರುವ ಬಟ್ಟೆಯಲ್ಲಿ ಬನಿಯನ್ನಿನ ಸುತ್ತಳತೆಯನ್ನು ತೀರ್ಮಾನಿಸುವುದು ಯಂತ್ರದ ವ್ಯಾಸ. 80, 85, 90 ಸೆಂಟಿಮೀಟರ್ ಎಂದು ಐದೈದಾಗಿ ಏರುವ ಅಳತೆಗಳ ಹಿಂದೆ ಒಂದೊಂದು ಯಂತ್ರವೇ ನಿಂತಿರುತ್ತದೆ. ಹೊಸೈರಿ, ಅಂದರೆ ಹೆಣೆದ ಉಡುಪು, 2005ರವರೆಗೆ ಸಣ್ಣ ಕೈಗಾರಿಕೆಗೆ ಮೀಸಲಾಗಿದ್ದರಿಂದ ಹೆಣೆಯುವವನು, ಬಣ್ಣ ಹಾಕುವವನು, ಹೊಲಿಯುವವನು ಬೇರೆಬೇರೆ ಶೆಡ್ಡುಗಳಲ್ಲಿ ಜಾಬ್ ವರ್ಕ್ ಮಾಡುತ್ತ ಉಳಿದರು. ರಫ್ತು ಬೆಳೆದ ಮೇಲೆ ಈ ಎಲ್ಲದರ ಮೇಲೆ ಕೋಟಾ ಬಂದು ಕೂತಿತು. 1974ರಿಂದ 2004ರ ಕೊನೆಯವರೆಗೆ ಶ್ರೀಮಂತ ದೇಶಗಳು ಯಾವ ಉಡುಪು ಎಷ್ಟು ಬರಬೇಕೆಂದು ವರ್ಗವಾರು ಮಿತಿ ಹಾಕುತ್ತಿದ್ದವು. ಅಮೆರಿಕದ ಪಟ್ಟಿಯಲ್ಲಿ ಗಂಡಸರ ಹತ್ತಿ ಹೊಸೈರಿ ಅಂಗಿಗೆ 338, ಹೆಂಗಸರದ್ದಕ್ಕೆ 339, ಒಳಉಡುಪಿಗೆ 352. ಯುರೋಪಿನ ಪಟ್ಟಿಯಲ್ಲಿ ಟೀ-ಶರ್ಟ್ 4ನೇ ವರ್ಗ. ಟೀ-ಶರ್ಟು ಒಳಉಡುಪೋ ಹೊರಉಡುಪೋ? ಅಮೆರಿಕದ ಸುಂಕಪಟ್ಟಿಯ ಉತ್ತರ ಓದಲು ಮಜವಾಗಿದೆ. ಪೂರ್ತಿ ಬಿಳಿ, ಮಡಚಿ ಹೊಲಿದ ಗಿಡ್ಡ ತೋಳು, ಮಡಚಿ ಹೊಲಿದ ಕೆಳ ಅಂಚು, ದುಂಡು ಕೊರಳು ಅಥವಾ ವಿ-ಕೊರಳು, ಜೇಬಿಲ್ಲ, ಅಲಂಕಾರವಿಲ್ಲ, ಕಸೂತಿಯಿಲ್ಲ ಎಂದಾದರೆ ಅದು 352. ಅದೇ ಬಟ್ಟೆಗೆ ಎದೆಯ ಮೇಲೊಂದು ಜೇಬು ಹೊಲಿದರೆ 338. ಕೋಟಾವನ್ನು ಹಂಚುತ್ತಿದ್ದದ್ದು ಉಡುಪು ರಫ್ತು ಉತ್ತೇಜನ ಮಂಡಳಿ, ಹಿಂದಿನ ವರ್ಷಗಳಲ್ಲಿ ಯಾರು ಎಷ್ಟು ಕಳಿಸಿದ್ದರೆಂದು ನೋಡಿ. ಸಿಕ್ಕ ಕೋಟಾ ಕೈಯಿಂದ ಕೈಗೆ ಮಾರಾಟವೂ ಆಗುತ್ತಿತ್ತು. ಹೀಗಿರುವಾಗ ರಫ್ತುದಾರ ಮುಂದಿನ ಸಾಲಿಗೆ ಯಾವ ಸರಕು ಹೊಲಿಯಬೇಕೆಂದು ಯೋಚಿಸುವಾಗ ಕೈಯಲ್ಲಿ ಯಾವ ವರ್ಗದ ಕೋಟಾ ಉಳಿದಿದೆಯೆಂದು ನೋಡದೆ ಹೆಜ್ಜೆ ಇಡುವಂತಿರಲಿಲ್ಲ.

ನಂಬರ್ ಎಂಬುದು ತಾಂತ್ರಿಕ ಸತ್ಯ, ಅದರಲ್ಲಿ ಸರ್ಕಾರದ ಕೈವಾಡ ಏನಿದೆ ಎಂದು ಯಾರಾದರೂ ಕೇಳಬಹುದು. ಎಳೆಯ ನಯ ತಾಂತ್ರಿಕ ಸತ್ಯ, ನಿಜ. ಆದರೆ 20ನೇ ನಂಬರಿಗೂ 21ಕ್ಕೂ ನಡುವೆ, 47ಕ್ಕೂ 48ಕ್ಕೂ ನಡುವೆ ಹತ್ತಿಯ ಗುಣದಲ್ಲಿ ಯಾವ ಬಿರುಕೂ ಇಲ್ಲ. ಎಡೆಬಿಡದೆ ಏರುವ ಅಳತೆಯನ್ನು ದರ್ಜೆಗಳಾಗಿ ಕಡಿದದ್ದು ತೆರಿಗೆಯ ಕತ್ತರಿ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕೊನೆಗೆ ಕೊಳ್ಳುವವನು ಒಪ್ಪದ ಸರಕು ಉಳಿಯುವುದಿಲ್ಲ, ಆದ್ದರಿಂದ ಗೆರೆ ಯಾರೇ ಎಳೆಯಲಿ, ಮುದ್ರೆ ಒತ್ತುವವನು ಗಿರಾಕಿಯೇ ಎಂಬ ವಾದ ಅದು. ತಿರುಪ್ಪೂರಿನಲ್ಲಿ 1983ರಲ್ಲಿ ಶುರುವಾದ ಪಂಚೆ ಕಂಪನಿ ರಾಮ್‌ರಾಜ್ ಇದಕ್ಕೆ ಒಳ್ಳೆಯ ಸಾಕ್ಷಿ. ಮದುವೆಗೊಂದು ಪಂಚೆ, ಮಕ್ಕಳಿಗೊಂದು, ಉಡಲು ಬಾರದವರಿಗೆ ವೆಲ್‌ಕ್ರೋ ಅಂಟಿಸಿದ್ದೊಂದು ಎಂದು ಸಂದರ್ಭವನ್ನೂ ವಯಸ್ಸನ್ನೂ ನೋಡಿಯೇ ಅವರು ಸರಕನ್ನು ಜೋಡಿಸಿದರು. ಕೋಪ್‌ಲೆಂಡ್ ಇದನ್ನು ನೋಡಿದ್ದರೆ ಖುಷಿಪಡುತ್ತಿದ್ದರು. ಆದರೆ ಇದು ಒಳನಾಡಿನ ಮಾರುಕಟ್ಟೆಯ ಮಾತು. ರಫ್ತಿನ ಆರ್ಡರಿನಲ್ಲಿ ಉಡುವವನನ್ನು ಬಲ್ಲವನು ಪರದೇಶದ ಖರೀದಿದಾರ, ತಿರುಪ್ಪೂರಿಗೆ ಬರುವುದು ಸ್ಟೈಲ್ ನಂಬರು, ಬಟ್ಟೆಯ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ), ಸಾಗಿಸಬೇಕಾದ ತಾರೀಖು. ಕೋಟಾ ಹೋದ ಮೇಲೂ ಈ ಏರ್ಪಾಡು ಹೆಚ್ಚು ಬದಲಾಗಿಲ್ಲ.

ಒಳನಾಡಿನಲ್ಲೂ ಸುಂಕದ ಗೆರೆ ಅಳಿಸಿಹೋಗಿಲ್ಲ, ನಂಬರಿನಿಂದ ಎದ್ದು ಬೆಲೆಯ ಮೇಲೆ ಕೂತಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಸಾವಿರ ರೂಪಾಯಿವರೆಗಿನ ಉಡುಪಿಗೆ ಶೇಕಡ 5, ಮೇಲಿನದ್ದಕ್ಕೆ 12 ಇತ್ತು. 2025ರ ಸೆಪ್ಟೆಂಬರಿನಿಂದ 2,500 ರೂಪಾಯಿವರೆಗೆ 5, ಅದರ ಮೇಲೆ 18. ಅಂದರೆ 2,500ರ ಅಂಗಿಗೆ 125 ರೂಪಾಯಿ ತೆರಿಗೆ, 2,501ರ ಅಂಗಿಗೆ 450. 2,600 ರೂಪಾಯಿಗೆ ಮಾರಬೇಕೆಂದಿದ್ದ ಅಂಗಿಯ ಬಟ್ಟೆಯನ್ನೋ ಗುಂಡಿಯನ್ನೋ ಅಗ್ಗಮಾಡಿ ಗೆರೆಯ ಕೆಳಗೆ ಇಳಿಸುವುದು, ಇಲ್ಲವೇ ಇನ್ನಷ್ಟು ಮೆರುಗು ಕೊಟ್ಟು ಮೂರು ಸಾವಿರದ ಆಚೆಗೆ ಏರಿಸುವುದು, ಇವೆರಡೇ ಈಗ ಕಂಪನಿಯ ಮುಂದಿರುವ ದಾರಿ.