ಎಲ್‌ಇಡಿನಾ, ಎಲ್‌ಸಿಡಿನಾ? ಅಗ್ಗದ ಪರದೆಯೊಳಗಿನ ಇತಿಹಾಸ

ಬಂಗಾರಪೇಟೆಯಲ್ಲಾಗಲಿ, ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಕಂಪ್ಯೂಟರ್ ಅಂಗಡಿಗೆ ಹೋಗಿ ಮಾನಿಟರ್ ಬೇಕು ಅಂದರೆ ಸಾಮಾನ್ಯವಾಗಿ ಬರುವ ಮೊದಲ ಪ್ರಶ್ನೆ, ‘ಎಲ್‌ಇಡಿ ಕೊಡ್ಲಾ ಸರ್, ಎಲ್‌ಸಿಡಿ ಸಾಕಾ?’ ಪ್ರಶ್ನೆಯೇ ಸರಿಯಿಲ್ಲ. ಎಲ್‌ಇಡಿ ಎಂದು ಸ್ಟಿಕ್ಕರ್ ಅಂಟಿಸಿದ ಮಾನಿಟರ್ ಕೂಡ ಎಲ್‌ಸಿಡಿಯೇ. ಪರದೆಯ ಹಿಂದೆ ಯಾವ ದೀಪ ಇದೆ ಅನ್ನುವುದನ್ನಷ್ಟೇ ಆ ಸ್ಟಿಕ್ಕರ್ ಹೇಳುತ್ತದೆ. ಕಣ್ಣಿಗೆ ಕಾಣುವ ಚಿತ್ರ ಹೇಗಿರುತ್ತದೆ ಅನ್ನುವುದನ್ನು ತೀರ್ಮಾನಿಸುವುದು ದೀಪವಲ್ಲ, ಅದರ ಮುಂದಿರುವ ಪ್ಯಾನೆಲ್. ಆ ಪ್ಯಾನೆಲ್‌ನಲ್ಲಿ ಮುಖ್ಯವಾಗಿ ಮೂರು ಜಾತಿ: ಟಿಎನ್, ವಿಎ, ಐಪಿಎಸ್. ಸೆಕೆಂಡ್ ಹ್ಯಾಂಡ್ ಮಾರುವವರು ಈ ಮೂರು ಹೆಸರನ್ನು ಬಾಯಿಬಿಟ್ಟು ಹೇಳುವುದು ಕಡಿಮೆ.

ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ, ಚಾಂಪಿಯನ್, ಊರಗಾಂ, ಕೋರಮಂಡಲ್ ಸ್ಟೇಷನ್‌ಗಳಲ್ಲಿ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುವುದೇ ಸಾವಿರಾರು ಮನೆಗಳ ಬದುಕಾಯಿತು. ಎಸ್.ಪಿ. ರಸ್ತೆಯಿಂದ ಹಳೆಯ ಮಾನಿಟರ್ ಊರಿಗೆ ಬರುವುದೂ ಅದೇ ರೈಲಿನಲ್ಲಿ, ರಟ್ಟಿನ ಡಬ್ಬಿಯಲ್ಲಿ, ತೊಡೆಯ ಮೇಲೆ. ಬೆಂಗಳೂರಿನ ಆಫೀಸುಗಳು ನಾಲ್ಕೈದು ವರ್ಷ ಬಳಸಿ ಲಾಟಿನಲ್ಲಿ ಹೊರಹಾಕಿದ ಸರಕು ಅದು. ಮಗಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ, ಮಗ ಮನೆಯಿಂದಲೇ ಡಾಟಾ ಎಂಟ್ರಿ ಮಾಡುತ್ತಾನೆ ಅನ್ನುವ ಮನೆಯಲ್ಲಿ ಮೂರು–ನಾಲ್ಕು ಸಾವಿರ ರೂಪಾಯಿಗೆ ಒಮ್ಮೆ ಕೊಂಡರೆ ಮುಂದಿನ ಏಳೆಂಟು ವರ್ಷ ಅದನ್ನೇ ನೋಡಬೇಕು. ತಪ್ಪು ಪ್ಯಾನೆಲ್ ಬಂದರೆ ಬದಲಾಯಿಸಲು ಎರಡನೇ ಸಲ ದುಡ್ಡು ಯಾರ ಹತ್ತಿರ ಇರುತ್ತದೆ?

ಹಾಗಾಗಿ ಈ ಮೂರು ಹೆಸರುಗಳು ಎಲ್ಲಿಂದ ಬಂದವು ಅಂತ ನೋಡೋಣ. ಈ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ಅದು ನಮ್ಮ ಪಠ್ಯಪುಸ್ತಕಕ್ಕೆ ಬರಬೇಕಿತ್ತು.

1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೋಲಾರದ ಚಿನ್ನದ ಗಣಿಗಳಿಗೆ ಕೈ ಹಾಕಿದರು. ಅದೇ ದಶಕದ 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಜರ್ ಕ್ಯಾರೆಟ್‌ನಿಂದ ತೆಗೆದ ಒಂದು ಪದಾರ್ಥವನ್ನು ಕಾಯಿಸುತ್ತಿದ್ದ. 145.5 ಡಿಗ್ರಿಗೆ ಅದು ಕರಗಿ ಮಬ್ಬು ದ್ರವವಾಯಿತು. 178.5 ಡಿಗ್ರಿಗೆ ಆ ಮಬ್ಬು ಮಾಯವಾಗಿ ತಿಳಿಯಾಯಿತು. ಒಂದೇ ಪದಾರ್ಥಕ್ಕೆ ಎರಡು ಕರಗುವ ಬಿಂದು! ನಡುವಿನ ಆ ಮಬ್ಬು ಸ್ಥಿತಿಯೇ ದ್ರವ ಸ್ಫಟಿಕ, ಅಂದರೆ ಲಿಕ್ವಿಡ್ ಕ್ರಿಸ್ಟಲ್. ನೀರಿನಂತೆ ಹರಿಯುತ್ತದೆ, ಆದರೆ ಒಳಗಿನ ಅಣುಗಳು ಹರಳಿನಲ್ಲಿದ್ದಂತೆ ಒಂದೇ ದಿಕ್ಕಿಗೆ ಸಾಲುಗಟ್ಟಿರುತ್ತವೆ. ಸುಮಾರು 80 ವರ್ಷ ಇದರಿಂದ ಏನು ಉಪಯೋಗ ಅಂತ ಯಾರಿಗೂ ಹೊಳೆಯಲಿಲ್ಲ.

ಅಷ್ಟರೊಳಗೆ ಕೆಜಿಎಫ್ ಬೇರೆ ದಾರಿಯಲ್ಲಿ ಬೆಳಕು ಕಂಡಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ತಂದರು. ಬೆಂಗಳೂರಿಗೆ ಕರೆಂಟು ಬಂದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 1965ರಲ್ಲಿ ಚಾಂಪಿಯನ್ ರೀಫ್ಸ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಹಿಡಿದರು. ಅವರ ಉಪಕರಣದಲ್ಲಿ ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳ ಸಾಲು ಇತ್ತು. ಕಣ ಹಾದುಹೋದ ದಾರಿಯಲ್ಲಿನ ಕೊಳವೆಗಳು ಮಿಂಚುತ್ತಿದ್ದವು, ಅದನ್ನು ಕ್ಯಾಮೆರಾ ಸೆರೆಹಿಡಿಯುತ್ತಿತ್ತು. ಅದಕ್ಕೆ ಒಂದು ವರ್ಷ ಮುಂಚೆ, 1964ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕಂಪ್ಯೂಟರಿಗಾಗಿ ಪ್ಲಾಸ್ಮಾ ಪರದೆ ಕಂಡುಹಿಡಿದಿದ್ದರು. ಅದೂ ನಿಯಾನ್ ಮಿಂಚನ್ನೇ ನಂಬಿದ್ದು. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೂ ಪ್ರಪಂಚ ಚಪ್ಪಟೆ ಪರದೆ ಹುಡುಕುತ್ತಿದ್ದ ಕಾಲದಲ್ಲಿ ನಮ್ಮೂರ ಪಾತಾಳದಲ್ಲಿ ಚುಕ್ಕಿ ಚುಕ್ಕಿಯಾಗಿ ಒಂದು ಚಿತ್ರ ಮೂಡುತ್ತಿತ್ತು ಅಂದುಕೊಂಡರೆ ನನಗೆ ಖುಷಿಯಾಗುತ್ತದೆ.

ಈಗ ಟಿಎನ್. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ದ್ರವ ಸ್ಫಟಿಕದ ಪರದೆ ಸಾಧ್ಯ ಎಂದು ಸಾರಿತು. 1970ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್ಫ್‌ರಿಕ್ ತಿರುಚಿದ ನೆಮ್ಯಾಟಿಕ್ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಟ್ವಿಸ್ಟೆಡ್ ನೆಮ್ಯಾಟಿಕ್, ಅದರ ಮೊದಲಕ್ಷರಗಳೇ ಟಿಎನ್. ತತ್ವ ಸರಳ. ಎರಡು ಪೋಲರೈಸರ್ ಹಾಳೆಗಳನ್ನು ಎರಡು ಬಾಚಣಿಗೆ ಅಂದುಕೊಳ್ಳಿ. ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಹಿಡಿದರೆ ಮೊದಲನೆಯದನ್ನು ದಾಟಿದ ಬೆಳಕು ಎರಡನೆಯದರಲ್ಲಿ ಸಿಕ್ಕಿಕೊಳ್ಳುತ್ತದೆ. ನಡುವೆ ದ್ರವ ಸ್ಫಟಿಕದ ಅಣುಗಳನ್ನು ಸುರುಳಿ ಮೆಟ್ಟಿಲಿನ ಹಾಗೆ 90 ಡಿಗ್ರಿ ತಿರುಚಿ ನಿಲ್ಲಿಸಿದರೆ, ಬೆಳಕೂ ಮೆಟ್ಟಿಲು ಇಳಿದ ಹಾಗೆ ತಿರುಗಿ ಹೊರಬರುತ್ತದೆ. ಕರೆಂಟು ಕೊಟ್ಟ ತಕ್ಷಣ ಮೆಟ್ಟಿಲು ನೆಟ್ಟಗಾಗುತ್ತದೆ, ಬೆಳಕು ನಿಲ್ಲುತ್ತದೆ, ಅಲ್ಲಿ ಕಪ್ಪು ಚುಕ್ಕಿ. ಡಿಜಿಟಲ್ ಕೈಗಡಿಯಾರ, ಕ್ಯಾಲ್ಕುಲೇಟರ್ ಎಲ್ಲ ಹೀಗೇ ಕೆಲಸ ಮಾಡಿದವು.

ಇದಕ್ಕೆ ಸಾಮಾನ್ಯ ತಾಪಮಾನದಲ್ಲಿ ಕೆಡದೆ ನಿಲ್ಲುವ ಪದಾರ್ಥ ಬೇಕಿತ್ತು. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಜಾರ್ಜ್ ಗ್ರೇ 1970ರ ದಶಕದ ಆರಂಭದಲ್ಲಿ ಅದನ್ನು ತಯಾರಿಸಿದರು. ಹೆಸರು ಸಯನೋಬೈಫಿನೈಲ್. ಹೆಸರಿನ ಆರಂಭ ನೋಡಿ. ಚಿನ್ನ ತೆಗೆದ ಮೇಲೆ ಉಳಿದ, ನಾವು ಸೈನೈಡ್ ದಿಬ್ಬ ಅಂತ ಕರೆಯುವ ಆ ಬೂದು ಗುಡ್ಡಗಳ ಹೆಸರಿನಲ್ಲಿರುವ ಇಂಗಾಲ–ಸಾರಜನಕದ ಜೋಡಿಯೇ ಇಲ್ಲೂ ಇದೆ. ಆದರೆ ಇಲ್ಲಿ ಅದು ದೊಡ್ಡ ಅಣುವಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಗಣಿಯ ಸೈನೈಡ್‌ನಂತೆ ವರ್ತಿಸುವುದಿಲ್ಲ. ಮಾನಿಟರ್ ಕಂಡು ಹೆದರಬೇಡಿ.

ಮೈಸೂರಿಗೆ ಬರೋಣ. ಸಿ.ವಿ. ರಾಮನ್ ಅವರ ಸೋದರಿಯ ಮಗ ಎಸ್. ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಪ್ರಾಧ್ಯಾಪಕರಾಗಿ ಬಂದರು. ನಕ್ಷತ್ರಗಳ ಮೇಲೆ ಕೆಲಸ ಮಾಡಿ ನೊಬೆಲ್ ಪಡೆದ ಚಂದ್ರಶೇಖರ್ ಬೇರೆ, ಇವರು ಬೇರೆ. ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಜನ ಮಾತ್ರ ದ್ರವ ಸ್ಫಟಿಕದ ಬಗ್ಗೆ ಯೋಚಿಸುತ್ತಿದ್ದಾಗ ಮೈಸೂರಿನಲ್ಲಿ ಅವರ ತಂಡ ಆ ಕೆಲಸ ಶುರುಮಾಡಿತು. 1971ರಲ್ಲಿ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋಗಿ ದ್ರವ ಸ್ಫಟಿಕದ ಪ್ರಯೋಗಾಲಯ ಕಟ್ಟಿದರು. ಅಲ್ಲಿಯವರೆಗೆ ದ್ರವ ಸ್ಫಟಿಕದ ಅಣುಗಳೆಂದರೆ ಕಡ್ಡಿಯ ಆಕಾರದವು ಎಂದೇ ಎಲ್ಲರ ನಂಬಿಕೆ. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ತಟ್ಟೆಯ ಆಕಾರದ ಅಣುಗಳೂ ದ್ರವ ಸ್ಫಟಿಕವಾಗುತ್ತವೆ ಎಂದು ತೋರಿಸಿದರು. ಪ್ರಬಂಧ ಪ್ರಕಟವಾದದ್ದು ವಿದೇಶಿ ಪತ್ರಿಕೆಯಲ್ಲೂ ಅಲ್ಲ, ಬೆಂಗಳೂರಿನಿಂದಲೇ ಬರುವ ‘ಪ್ರಮಾಣ’ದಲ್ಲಿ.

ತಟ್ಟೆ ಅಣುವಿಗೂ ನಮ್ಮ ಮೂರು ಸಾವಿರದ ಮಾನಿಟರಿಗೂ ಏನು ಸಂಬಂಧ? ಇದೆ. ಟಿಎನ್ ಪರದೆಗೆ ಒಂದು ಹುಟ್ಟು ರೋಗ. ನೇರ ಎದುರು ಕೂತರೆ ಸರಿ, ಪಕ್ಕಕ್ಕೆ ಸರಿದರೆ ಬಣ್ಣ ಬದಲಾಗುತ್ತದೆ. 1990ರ ದಶಕದ ಮಧ್ಯದಲ್ಲಿ ಜಪಾನಿನ ಫ್ಯೂಜಿಫಿಲ್ಮ್ ಕಂಪನಿ ತಟ್ಟೆ ಅಣುಗಳನ್ನು ಓರೆಯಾಗಿ ಜೋಡಿಸಿ ಗಟ್ಟಿ ಮಾಡಿದ ತೆಳು ಹಾಳೆಯೊಂದನ್ನು ತಂದಿತು. ಅದನ್ನು ಪ್ಯಾನೆಲ್ಲಿಗೆ ಅಂಟಿಸಿದರೆ ಪಕ್ಕದಿಂದಲೂ ಚಿತ್ರ ಸಾಕಷ್ಟು ಚೆನ್ನಾಗಿ ಕಾಣುತ್ತದೆ. ಅಗ್ಗದ ಟಿಎನ್ ಪರದೆಗಳು ಅಷ್ಟು ವರ್ಷ ಆಫೀಸುಗಳಲ್ಲಿ ಬಾಳಿದ್ದಕ್ಕೆ ಆ ಹಾಳೆಯೂ ಒಂದು ಕಾರಣ. ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ಬಿಇಎಲ್ ಕೊಟ್ಟ ಕಟ್ಟಡದಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರ ಆರಂಭಿಸಿದರು, 2004ರಲ್ಲಿ ತೀರಿಕೊಂಡರು. ವಿಜ್ಞಾನ ನಮ್ಮದಾಯಿತು, ಕಾರ್ಖಾನೆ ನಮ್ಮದಾಗಲಿಲ್ಲ. ನಾವು ಕೊಳ್ಳುವ ಮಾನಿಟರ್‌ಗಳ ಪ್ಯಾನೆಲ್ ಬರುವುದು ಚೀನಾ, ತೈವಾನ್, ಕೊರಿಯಾ ಕಡೆಯಿಂದ.

ಟಿಎನ್ ರೋಗಕ್ಕೆ ಹಾಳೆ ಅಂಟಿಸುವ ಬದಲು ಅಣುಗಳು ತಿರುಗುವ ರೀತಿಯನ್ನೇ ಬದಲಿಸಿದ್ದು ಐಪಿಎಸ್. ಅಣುಗಳು ಎದ್ದು ನಿಲ್ಲುವುದಿಲ್ಲ, ಮಲಗಿದಲ್ಲೇ ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ. ಜರ್ಮನಿಯಲ್ಲಿ ಶುರುವಾದ ಈ ಕೆಲಸವನ್ನು 1990ರ ದಶಕದ ಮಧ್ಯದಲ್ಲಿ ಜಪಾನಿನ ಹಿಟಾಚಿ ಮಾರುಕಟ್ಟೆಗೆ ತಂದಿತು. ಅದೇ ದಶಕದ ಕೊನೆಗೆ ಫ್ಯೂಜಿತ್ಸು ಕಂಪನಿ ವಿಎ ವಿಧಾನವನ್ನು ಬಳಕೆಗೆ ತಂದಿತು. ಅದರಲ್ಲಿ ಕರೆಂಟು ಇಲ್ಲದಾಗ ಅಣುಗಳು ನೆಟ್ಟಗೆ ನಿಂತು ಬೆಳಕನ್ನು ಪೂರ್ತಿ ತಡೆಯುತ್ತವೆ, ಹಾಗಾಗಿ ಕಪ್ಪು ನಿಜಕ್ಕೂ ಕಪ್ಪಾಗಿ ಕಾಣುತ್ತದೆ. ಆರಂಭದಲ್ಲಿ ಇವೆರಡೂ ದುಬಾರಿ. ಹೀಗಾಗಿ 2010ರ ಆಸುಪಾಸಿನವರೆಗೆ ಆಫೀಸುಗಳು ಕೊಂಡ ಅಗ್ಗದ ಮಾನಿಟರ್‌ಗಳಲ್ಲಿ ಹೆಚ್ಚಿನವು ಟಿಎನ್. ಈಗ ಸೆಕೆಂಡ್ ಹ್ಯಾಂಡ್ ಅಂಗಡಿಯ ಹಳೆಯ ರಾಶಿಯಲ್ಲಿ ನಿಮಗೆ ಸಿಗುವುದೂ ಹೆಚ್ಚಾಗಿ ಅವೇ.

ಹಾಗಾದರೆ ಗುರುತಿಸುವುದು ಹೇಗೆ? ಮಾನಿಟರ್ ಹಿಂದಿನ ಸ್ಟಿಕ್ಕರ್‌ನಲ್ಲಿ ಮಾಡೆಲ್ ನಂಬರ್ ಇರುತ್ತದೆ. ಅಂಗಡಿಯಲ್ಲೇ ನಿಂತು ಫೋನಿನಲ್ಲಿ ಹುಡುಕಿ. ನೋಡುವ ಕೋನ 170/160 ಅಂತ ಇದ್ದರೆ ಟಿಎನ್. 178/178 ಇದ್ದರೆ ಐಪಿಎಸ್ ಅಥವಾ ವಿಎ. ಆಗ ಕಾಂಟ್ರಾಸ್ಟ್ ನೋಡಿ: 1000:1 ಆಸುಪಾಸು ಐಪಿಎಸ್, 3000:1 ಅಥವಾ ಅದಕ್ಕಿಂತ ಹೆಚ್ಚು ವಿಎ. ಲಕ್ಷ, ಕೋಟಿ ಅಂತ ಬರೆದ ‘ಡೈನಾಮಿಕ್’ ಕಾಂಟ್ರಾಸ್ಟ್ ಜಾಹೀರಾತಿನ ಲೆಕ್ಕ, ಬಿಟ್ಟುಬಿಡಿ. ಬ್ರ್ಯಾಂಡ್ ಹೆಸರು ನಂಬಿ ಕೂರಬೇಡಿ. ಡೆಲ್ ಕಂಪನಿಯ ಯು2412ಎಂ ಮತ್ತು ಪಿ2412ಎಚ್ ಎರಡೂ ಒಂದೇ ಕಾಲದ 24 ಇಂಚಿನವು. ಹೆಸರಲ್ಲಿ ಒಂದೆರಡು ಅಕ್ಷರದ ವ್ಯತ್ಯಾಸ, ಆದರೆ ಮೊದಲನೆಯದು ಐಪಿಎಸ್, ಎರಡನೆಯದು ಟಿಎನ್. ಮೊದಲನೆಯದಕ್ಕೆ ಎಚ್‌ಡಿಎಂಐ ಕಿಂಡಿ ಇಲ್ಲ ಅನ್ನುವುದೂ ನೆನಪಿರಲಿ, ಕೇಬಲ್‌ಗೆ ಬೇರೆ ಖರ್ಚು ಬರುತ್ತದೆ.

ಫೋನಿನಲ್ಲಿ ಸಿಗ್ನಲ್ ಇಲ್ಲದಿದ್ದರೆ ಇನ್ನೂ ಸುಲಭ. ಯಾರದಾದರೂ ಮುಖದ ಫೋಟೋ ಪರದೆ ತುಂಬ ಹಾಕಿಸಿ, ಕುಕ್ಕರುಗಾಲಲ್ಲಿ ಕೂತು ಕೆಳಗಿನಿಂದ ನೋಡಿ. ಟಿಎನ್ ಆದರೆ ಚಿತ್ರ ಕಪ್ಪಿಟ್ಟು ಫಿಲ್ಮ್ ನೆಗೆಟಿವ್ ಹಾಗೆ ಕಾಣುತ್ತದೆ. ನಮ್ಮ ಲೈನ್ ಮನೆಗಳಲ್ಲಿ ಇದು ಬಹಳ ಮುಖ್ಯ ಅಂತ ನನ್ನ ಅನಿಸಿಕೆ. ಮೇಜು–ಕುರ್ಚಿಗೆ ಜಾಗವಿಲ್ಲದೆ ಮಾನಿಟರ್ ಟ್ರಂಕಿನ ಮೇಲೋ ಬೀರು ಪಕ್ಕದ ಸ್ಟೂಲಿನ ಮೇಲೋ ಇರುತ್ತದೆ, ಮಕ್ಕಳು ಚಾಪೆ ಮೇಲೆ ಕೂತು ಕತ್ತೆತ್ತಿ ನೋಡುತ್ತಾರೆ. ಟಿಎನ್‌ಗೆ ಅತ್ಯಂತ ಕೆಟ್ಟ ಕೋನ ಅದೇ. ಅಂಥ ಮನೆಗೆ ಐನೂರು–ಸಾವಿರ ಹೆಚ್ಚು ಕೊಟ್ಟಾದರೂ ಐಪಿಎಸ್ ತರುವುದು ಮೇಲು. ಒಬ್ಬರೇ ನೇರ ಎದುರು ಕೂತು ಟೈಪ್ ಮಾಡುವುದಷ್ಟೇ ಕೆಲಸವಾದರೆ ಒಳ್ಳೆಯ ಸ್ಥಿತಿಯ ಟಿಎನ್ ಕೂಡ ನಡೆಯುತ್ತದೆ, ಬೆಲೆ ಚೌಕಾಸಿ ಮಾಡಿ. ವಿಎ ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ಚೆಂದ. ಆದರೆ ಅಗ್ಗದ ವಿಎಗಳಲ್ಲಿ ಕಪ್ಪು ಹಿನ್ನೆಲೆಯ ಬರಹವನ್ನು ಜೋರಾಗಿ ಮೇಲೆ ಕೆಳಗೆ ಸರಿಸಿದರೆ ಅಕ್ಷರದ ಹಿಂದೆ ಮಸಿ ಎಳೆದಂತೆ ಕಾಣುತ್ತದೆ.

ಅಳತೆಯಲ್ಲೂ ಒಂದು ಮೋಸ ಇದೆ. 27 ಇಂಚು ಅಂದ ತಕ್ಷಣ ದೊಡ್ಡದು, ಒಳ್ಳೆಯದು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ: 1920×1080 ಚುಕ್ಕಿಗಳ 27 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 82 ಚುಕ್ಕಿ. 1366×768ರ ಹಳೆಯ 18.5 ಇಂಚಿನಲ್ಲಿ ಸುಮಾರು 85. ಅದೇ 1920×1080 ಇರುವ 21.5 ಇಂಚಿನಲ್ಲಿ 102. ಇಂಗ್ಲಿಷ್ ಅಕ್ಷರಕ್ಕೆ 82 ಸಾಕಾಗಬಹುದು. ಕನ್ನಡದ ‘ಸ್ತ್ರೀ’, ‘ರಾಷ್ಟ್ರ’, ‘ಜ್ಯೋತ್ಸ್ನಾ’ ಬರೆದಾಗ ಕೆಳಗಿನ ಒತ್ತಕ್ಷರ ಉಂಡೆಯಾಗಿ ಕಾಣುತ್ತದೆ. ನುಡಿ ತಂತ್ರಾಂಶದಲ್ಲಿ ದಿನವಿಡೀ ಟೈಪ್ ಮಾಡುವವರು 22 ಇಂಚಿನ ಆಸುಪಾಸಿನಲ್ಲಿ ಇರುವುದೇ ಕ್ಷೇಮ. ಅಂದಹಾಗೆ ಹತ್ತು ಸಾವಿರದೊಳಗೆ ಈ ಅಳತೆಯ ಹೊಸ ಐಪಿಎಸ್ ಮಾನಿಟರ್ ವಾರಂಟಿ ಸಮೇತ ಸಿಗುತ್ತದೆ. ಹಳೆಯದಕ್ಕೆ ಐದಾರು ಸಾವಿರ ಕೇಳಿದರೆ ಹೊಸದರ ಬೆಲೆ ವಿಚಾರಿಸದೆ ಕೊಡಬೇಡಿ.

ಎಲ್‌ಇಡಿ ಸ್ಟಿಕ್ಕರ್ ಪೂರ್ತಿ ನಿಷ್ಪ್ರಯೋಜಕವೇನೂ ಅಲ್ಲ. ಅದಿಲ್ಲದ ಹಳೆಯ ಎಲ್‌ಸಿಡಿಗಳ ಹಿಂದಿರುವುದು ಪುಟ್ಟ ಟ್ಯೂಬ್‌ಲೈಟುಗಳು, ಒಳಗೆ ಪಾದರಸ. ವರ್ಷ ಕಳೆದಂತೆ ಅವು ಮಂಕಾಗಿ ಹಳದಿಗೆ ತಿರುಗುತ್ತವೆ. ಐಪಿಎಸ್ ಆದರೂ ಅಂಥದ್ದು ಬೇಡ. ಕೊಳ್ಳುವ ಮೊದಲು ಅರ್ಧ ಗಂಟೆ ಉರಿಸಿ, ಪರದೆ ಪೂರ್ತಿ ಬಿಳಿ, ಆಮೇಲೆ ಪೂರ್ತಿ ಕಪ್ಪು ಮಾಡಿಸಿ ನೋಡಿ. ಬಿಳಿಯಲ್ಲಿ ಸತ್ತ ಚುಕ್ಕಿ, ಕಲೆ ಕಾಣುತ್ತವೆ. ಕಪ್ಪಿನಲ್ಲಿ ಅಂಚಿನಿಂದ ಸೋರುವ ಬೆಳಕು ಗೊತ್ತಾಗುತ್ತದೆ. ಮನೆಯ ಅಟ್ಟದ ಮೇಲೆ ಹಳೆಯ ಡಬ್ಬಿ ಮಾನಿಟರ್ ಇದ್ದರೆ ಅದನ್ನು ಒಡೆದು ತಾಮ್ರ ತೆಗೆಯುವವರ ಕೈಗೆ ಕೊಡಬೇಡಿ. ಅದರ ಗಾಜಿನಲ್ಲಿ ಸೀಸ ಇದೆ. ಗಣಿಯ ದೂಳನ್ನು ಇಷ್ಟು ವರ್ಷ ಉಸಿರಾಡಿದ ಊರಿಗೆ ಅದೊಂದು ಬೇರೆ ಬೇಡ. 2012ರಿಂದ ಜಾರಿಯಲ್ಲಿರುವ ಇ–ತ್ಯಾಜ್ಯ ನಿಯಮದ ಪ್ರಕಾರ ಅಂಥ ಸರಕಿನ ವಿಲೇವಾರಿ ತಯಾರಿಸಿದ ಕಂಪನಿಯ ಜವಾಬ್ದಾರಿ. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ಕೇಳಿ.