ಬಿಚ್ಚದೆ ತೊಳೆಯುವ ವಿದ್ಯೆ

ಸ್ವೀಡನ್ನಿನ ಗುಸ್ಟಾಫ್ ಡಿ ಲಾವಲ್ 1878ರಲ್ಲಿ ಕೆನೆ ತೆಗೆಯುವ ಯಂತ್ರವನ್ನು ರೂಪಿಸಿದ. ಅದುವರೆಗೆ ಹಾಲನ್ನು ಅಗಲವಾದ ಪಾತ್ರೆಗಳಲ್ಲಿಟ್ಟು, ಕೆನೆ ತಾನಾಗಿ ಮೇಲೆ ಬರಲೆಂದು ಗಂಟೆಗಟ್ಟಲೆ ಕಾಯಬೇಕಿತ್ತು. ಈ ಕಥೆ ಹೈನುಗಾರಿಕೆಯ ಪುಸ್ತಕಗಳಲ್ಲೆಲ್ಲ ಸಿಗುತ್ತದೆ. ಯಂತ್ರ ನಿಂತ ಮೇಲೆ ಏನಾಗುತ್ತಿತ್ತು ಎಂಬುದನ್ನು ಬರೆದವರು ಕಡಿಮೆ. ಮುಂದೆ ಬಂದ ಮಾದರಿಗಳ ಒಳಗೆ ಶಂಕುವಿನಾಕಾರದ ತೆಳು ತಟ್ಟೆಗಳು ಒಂದರ ಮೇಲೊಂದು ಕೂತಿರುತ್ತಿದ್ದವು. ನಡುವಿನ ಸಂದು ಒಂದು ಮಿಲಿಮೀಟರಿಗಿಂತ ಕಡಿಮೆ. ಆ ಸಂದಿನಲ್ಲಿ ಲೋಳೆ ಕಟ್ಟುತ್ತಿತ್ತು. ಪ್ರತಿ ಸಲ ಬಳಸಿದ ಮೇಲೂ ತಟ್ಟೆಗಳನ್ನು ಹೊರತೆಗೆದು, ತಂತಿಗೆ ಪೋಣಿಸಿ, ಬಿಸಿನೀರಿನಲ್ಲಿ ಉಜ್ಜಿ, ಒಣಗಿಸಿ, ಅದೇ ಕ್ರಮದಲ್ಲಿ ಮತ್ತೆ ಕೂಡಿಸಬೇಕು. ಯುರೋಪು, ಅಮೆರಿಕದ ಹೊಲಮನೆಗಳಲ್ಲಿ ಈ ಕೆಲಸ ಹೆಚ್ಚಾಗಿ ಹೆಂಗಸರು ಮಕ್ಕಳ ಪಾಲಿಗೇ ಬಂತು.

ಡೇರಿ ಕಾರ್ಖಾನೆಯಲ್ಲೂ ಇದೇ ಪಾಡು, ಪ್ರಮಾಣ ಮಾತ್ರ ದೊಡ್ಡದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾಲು ಹರಿಯುತ್ತಿದ್ದುದು ಕಲಾಯಿ ಹಾಕಿದ ತಾಮ್ರದ ಪೈಪುಗಳಲ್ಲಿ. ಬ್ರಷ್ ಒಳಗಿನವರೆಗೂ ಹೋಗಬೇಕಾದ್ದರಿಂದ ಅವನ್ನು ತುಂಡು ತುಂಡಾಗಿ ಕತ್ತರಿಸಿ, ಬಿಚ್ಚಬಹುದಾದ ನಟ್ಟುಗಳಿಂದ ಜೋಡಿಸುತ್ತಿದ್ದರು. ಆ ದಿನದ ಹಾಲು ಮುಗಿದ ಮೇಲೆ ಇಡೀ ಲೈನು ಬಿಚ್ಚುವುದು, ತೊಟ್ಟಿಗೆ ಹೊತ್ತು ಒಯ್ಯುವುದು, ಉಜ್ಜುವುದು, ಮತ್ತೆ ಜೋಡಿಸುವುದು. ಕೈಯಿಂದ ಜಾರಿ ಬಿದ್ದ ಪೈಪಿನ ಬಾಯಿ ನೆಗ್ಗಿದರೆ ಅಲ್ಲಿ ಸೋರಿಕೆ. ಉಜ್ಜಿ ಉಜ್ಜಿ ಕಲಾಯಿ ಸವೆದರೆ ತಾಮ್ರ ತಗುಲಿ ಹಾಲಿಗೆ ಕಮಟು ವಾಸನೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು: ತೊಳೆದ ಪೈಪನ್ನು ಜೋಡಿಸುವ ಕೈಗಳೇ ಅದರೊಳಗೆ ಮತ್ತೆ ರೋಗಾಣು ಬಿಡಬಹುದಿತ್ತು.

ಇದಕ್ಕೆ ದಾರಿ ತೋರಿದ್ದು ಗಾಜು. 1940ರ ದಶಕದಲ್ಲಿ ಅಮೆರಿಕದ ಕೆಲವು ಡೇರಿಗಳು ಶಾಖ ತಡೆಯುವ ಗಾಜಿನ ಪೈಪು ಹಾಕಿದವು. ಗಾಜನ್ನು ದಿನಾ ಬಿಚ್ಚಿ ಜೋಡಿಸಿದರೆ ಉಳಿಯುವುದಿಲ್ಲ. ಹಾಗಾಗಿ ಇದ್ದ ಜಾಗದಲ್ಲೇ ಬಿಟ್ಟು ಕ್ಷಾರದ ಬಿಸಿನೀರನ್ನು ಪಂಪಿನಿಂದ ಸುತ್ತಿಸಿದರು. ಒಳಗೆ ಕೊಳೆ ಹೋಯಿತೋ ಇಲ್ಲವೋ ಎಂದು ಕಣ್ಣಾರೆ ನೋಡಬಹುದಿತ್ತು. ಬಿಚ್ಚದೆಯೂ ತೊಳೆಯಬಹುದು ಎಂಬ ಧೈರ್ಯ ಬಂದದ್ದು ಹೀಗೆ.

ಮುಂದಿನ ಹೆಜ್ಜೆ ಸ್ಟೇನ್‌ಲೆಸ್ ಸ್ಟೀಲಿನದು. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ 1913ರಲ್ಲೇ ತುಕ್ಕು ಹಿಡಿಯದ ಸ್ಟೀಲನ್ನು ಕರಗಿಸಿ ತೋರಿಸಿದ್ದ. ಆದರೆ ಪೈಪುಗಳನ್ನು ಒಳಮೈ ನುಣುಪಾಗಿ ಉಳಿಯುವಂತೆ ಬೆಸೆಯುವ ವೆಲ್ಡಿಂಗ್ ಕೈಗೆ ಬಂದದ್ದು ಎರಡನೆಯ ಮಹಾಯುದ್ಧದ ಹೊತ್ತಿಗೆ. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿದ ಡೇಲ್ ಸೈಬರ್ಲಿಂಗ್, ಬಳಿಕ ವಿಸ್ಕಾನ್ಸಿನ್ನಿನ ಬೆಲೋಯಿಟ್ ಊರಿನ ಕ್ಲೆನ್ಜೇಡ್ ಕಂಪನಿಯಲ್ಲಿ ಬಿಚ್ಚದೆ ತೊಳೆಯುವ ಈ ಪದ್ಧತಿಯನ್ನು ಸ್ವಯಂಚಾಲಿತಗೊಳಿಸುವ ಕೆಲಸಕ್ಕೆ ತೊಡಗಿದ. ಟ್ಯಾಂಕಿನ ನೆತ್ತಿಯಲ್ಲಿ ನೀರು ಚಿಮ್ಮಿಸುವ ತೂತುತೂತಿನ ಸ್ಟೀಲ್ ಚೆಂಡು, ಗಾಳಿಯ ಒತ್ತಡದಿಂದ ತೆರೆಯುವ ವಾಲ್ವು, ಸರದಿ ತಪ್ಪದಂತೆ ನೋಡಿಕೊಳ್ಳುವ ಟೈಮರು. ಡೇರಿಯವರು ಇಂದು ಸಿಐಪಿ (ಕ್ಲೀನಿಂಗ್ ಇನ್ ಪ್ಲೇಸ್, ಅಂದರೆ ಇದ್ದಲ್ಲೇ ತೊಳೆಯುವುದು) ಎನ್ನುವುದು ಇದನ್ನೇ. ಗಮನಿಸಬೇಕಾದ ಸಂಗತಿಯೊಂದಿದೆ. ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪುಟ್ಟ ಗಣಕ ಪಿಎಲ್‌ಸಿ ಹುಟ್ಟಿದ್ದೇ 1960ರ ದಶಕದ ಕೊನೆಗೆ. ಅದಕ್ಕೂ ಮೊದಲೇ ಡೇರಿಗಳು ತಾವಾಗಿ ತೊಳೆದುಕೊಳ್ಳಲು ಕಲಿತಿದ್ದವು.

ಹಾಗಾದರೆ ತೊಳೆಯುವುದು ಯಾವುದು? ಹೆಂಕೆಲ್ ಕಂಪನಿಯ ಹರ್ಬರ್ಟ್ ಸಿನ್ನರ್ 1959ರಲ್ಲಿ ಬಟ್ಟೆ ಒಗೆಯುವುದನ್ನು ಮುಂದಿಟ್ಟುಕೊಂಡು ನಾಲ್ಕು ಅಂಶ ಹೇಳಿದ: ಸಮಯ, ಉಷ್ಣತೆ, ರಾಸಾಯನಿಕ, ಉಜ್ಜುವ ಬಲ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಹೆಚ್ಚಿಸಬೇಕು. ಪೈಪಿನೊಳಗೆ ಉಜ್ಜುವುದು ನೀರಿನ ವೇಗ. ಸೆಕೆಂಡಿಗೆ ಸುಮಾರು 1.5 ಮೀಟರ್ ಇರಬೇಕು ಎಂಬುದು ಡೇರಿ ಎಂಜಿನಿಯರುಗಳ ರೂಢಿಯ ಲೆಕ್ಕ. 50 ಮಿಲಿಮೀಟರ್ ಒಳವ್ಯಾಸದ ಪೈಪಿಗೆ ಈ ವೇಗ ಕೊಡಲು ಗಂಟೆಗೆ 10,000 ಲೀಟರಿಗೂ ಹೆಚ್ಚು ತಳ್ಳುವ ಪಂಪು ಬೇಕು; 38 ಮಿಲಿಮೀಟರಿನದಾದರೆ 6,000 ಲೀಟರಿನ ಆಸುಪಾಸು ಸಾಕು. ಅಗತ್ಯಕ್ಕಿಂತ ದಪ್ಪ ಪೈಪು ಹಾಕಿಸಿಕೊಂಡವರು ಪಂಪು, ನೀರು, ಸೋಡ, ಸೌದೆ ಎಲ್ಲಕ್ಕೂ ದಿನಾ ದಂಡ ತೆರುತ್ತಾರೆ.

ಭಾರತದಲ್ಲಿ ಈ ಕಥೆಗೆ ಒಂದು ಬಡ ಆರಂಭವಿದೆ. ಹೆನ್ನಿಂಗ್ ಹೋಲ್ಕ್-ಲಾರ್ಸೆನ್, ಸೋರೆನ್ ಟೂಬ್ರೊ ಎಂಬ ಇಬ್ಬರು ಡ್ಯಾನಿಷ್ ಎಂಜಿನಿಯರುಗಳು 1938ರಲ್ಲಿ ಮುಂಬಯಿಯಲ್ಲಿ ಪಾಲುದಾರರಾಗಿ ಡೆನ್ಮಾರ್ಕಿನ ಡೇರಿ ಯಂತ್ರಗಳನ್ನು ತರಿಸಿ ಮಾರುತ್ತಿದ್ದರು. 1940ರಲ್ಲಿ ಜರ್ಮನಿ ಡೆನ್ಮಾರ್ಕನ್ನು ಹಿಡಿಯಿತು, ಸರಕು ನಿಂತಿತು. ಇಬ್ಬರೂ ಸಣ್ಣ ವರ್ಕ್‌ಶಾಪು ಹಾಕಿ ಇಲ್ಲಿಯೇ ಡೇರಿ ಉಪಕರಣ ತಯಾರಿಸಲು ಹೊರಟರು. ಇಂದಿನ ಎಲ್ ಅಂಡ್ ಟಿ ಹುಟ್ಟಿದ್ದು ಹೀಗೆ. ಹೈನು ವಿದ್ಯೆ ಕಲಿಸುವ ಸಂಸ್ಥೆ ಬೆಂಗಳೂರಿನಲ್ಲಿ 1923ರಿಂದಲೇ ಇತ್ತು. ಅದರ ಕೇಂದ್ರ 1955ರಲ್ಲಿ ಕರ್ನಾಲಿಗೆ ಹೋಯಿತು. ಹೀಗೆ ಯಂತ್ರವೂ ವಿದ್ಯೆಯೂ ಇದ್ದರೂ ಕರ್ನಾಟಕದ ಹಳ್ಳಿಗಳಲ್ಲಿ ಹಾಲು ಬಹುಕಾಲ ಅಲ್ಯೂಮಿನಿಯಂ ಕ್ಯಾನುಗಳಲ್ಲೇ ಬಂತು. ಅಲ್ಯೂಮಿನಿಯಮ್ಮನ್ನು ಕಾಸ್ಟಿಕ್ ಸೋಡ ತಿಂದುಹಾಕುತ್ತದೆ. ಹಾಗಾಗಿ ಸ್ಟೀಲಿಗೆ ಒಗ್ಗುವ ಮದ್ದು ಅಲ್ಲಿ ನಡೆಯುವುದಿಲ್ಲ. ಲೋಹ ನೋಡದೆ ಸೋಡ ಸುರಿಯಬಾರದು.

ಈಗ ಪನೀರು, ಮೊಸರು, ಖೋವಾ ಮಾಡುವ ಸಣ್ಣ ಘಟಕಗಳವರು ಯಂತ್ರ ತೊಳೆಯುವುದನ್ನು ಸ್ವಯಂಚಾಲಿತ ಮಾಡಲು ಹೊರಟರೆ ಮೊದಲು ಕೇಳುವುದು ಟಚ್‌ಸ್ಕ್ರೀನ್ ಪ್ಯಾನೆಲಿನ ದರವನ್ನು. ಮೇಲಿನ ಚರಿತ್ರೆ ಹೇಳುವ ಅನುಕ್ರಮವೇ ಬೇರೆ. ಮೊದಲು ಸಂದು ಉಳಿಯದ ವೆಲ್ಡಿಂಗ್, ನೀರು ನಿಲ್ಲದಂತೆ ಪೈಪಿಗೆ ಇಳಿಜಾರು, ಕವಲೊಡೆದು ಕುರುಡಾಗಿ ನಿಂತ ತುಂಡುಗಳನ್ನು ಕತ್ತರಿಸಿ ತೆಗೆಯುವುದು. ಆಮೇಲೆ ಸರಿಯಾದ ಪಂಪು. ಆಮೇಲೆ ಕೊನೆಯ ತೊಳೆಯ ನೀರನ್ನು ಹಿಡಿದಿಟ್ಟು ಮರುದಿನ ಮೊದಲ ತೊಳೆಗೆ ಬಳಸಲು ಇನ್ನೊಂದು ತೊಟ್ಟಿ. ಮೊದಲ ತೊಳೆಗೆ ಉಗುರುಬೆಚ್ಚಗಿನ ನೀರೇ ಸಾಕು. ಕುದಿನೀರು ಬಿಟ್ಟರೆ ಹಾಲಿನ ಪ್ರೋಟೀನು ಲೋಹಕ್ಕೆ ಬೆಂದು ಅಂಟುತ್ತದೆ. ಇಷ್ಟೂ ಆದ ಮೇಲೆ ಒಂದು ಸಾದಾ ಟೈಮರು, ಒಂದು ಥರ್ಮೊಸ್ಟಾಟ್ ಹಾಕಿಸಿದರೆ ದಿನದ ತೊಳೆ ನಡೆದುಹೋಗುತ್ತದೆ. ಕೈಯಲ್ಲಿರುವ ಹಣ ಕಡಿಮೆಯಿದ್ದರೆ ಅದನ್ನು ಮೊದಲು ವೆಲ್ಡರಿಗೆ ಕೊಡಿ, ಪ್ಯಾನೆಲ್ ಮುಂದಿನ ವರ್ಷಕ್ಕಿರಲಿ.