ಕಿತ್ತೂರಿನ ಮದ್ದಿನ ಮನೆ

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಕಿತ್ತೂರಿನ ಕಥೆಯನ್ನು ಯಾರೇ ಎತ್ತಲಿ, ಅದು ಕೊನೆಗೆ ಮದ್ದಿನ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಗುಂಡೇಟಿಗೆ ಬಿದ್ದ. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆಯೇ ಬಿದ್ದಿತು. ಆರು ವಾರಗಳಲ್ಲಿ ಗೆಲುವು ಸೋಲಾದುದಕ್ಕೆ ಜನ ಹೇಳುತ್ತ ಬಂದ ಕಾರಣ ಒಂದೇ: ಒಳಗಿನವರು ಮದ್ದಿನಲ್ಲಿ ಕಸ ಬೆರೆಸಿದರು. ಕೆಲವರ ಬಾಯಲ್ಲಿ ಆ ಕಸ ಸಗಣಿ, ಕೆಲವರ ಬಾಯಲ್ಲಿ ಕಾಳು. ಹೇಳುವವರು ಬದಲಾದಂತೆ ದ್ರೋಹಿಯ ಹೆಸರೂ ಬದಲಾಗುವುದರಿಂದ ನಾನು ಯಾರ ಹೆಸರನ್ನೂ ಎತ್ತುವುದಿಲ್ಲ, ಮದ್ದನ್ನಷ್ಟೇ ವಿಚಾರಿಸುತ್ತೇನೆ.

ಕರಿಮದ್ದು ಮೂರು ಪದಾರ್ಥಗಳ ಕೂಟ. ಇಂಗ್ಲಿಷರ ಅಳತೆಯಲ್ಲಿ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಲು, 10 ಪಾಲು ಗಂಧಕ. ಹಳೆಯ ದಾಸ್ತಾನನ್ನು ಪರೀಕ್ಷಿಸುವ ಕ್ರಮವನ್ನು ಅಂದಿನ ಗೋಲಂದಾಜರು ಬಲ್ಲವರಾಗಿದ್ದರು. ಬೆರಳಲ್ಲಿ ಹಿಸುಕಿದರೆ ಒಳ್ಳೆಯ ಮದ್ದಿನ ಹರಳು ಸುಲಭವಾಗಿ ಪುಡಿಯಾಗದು, ಕೈಗೆ ಹೆಚ್ಚು ಮಸಿ ಹತ್ತದು. ಚಿಟಿಕೆ ಮದ್ದನ್ನು ಬಿಳಿಯ ಕಾಗದದ ಮೇಲಿಟ್ಟು ಕಿಡಿ ತಾಗಿಸಿದರೆ ಒಮ್ಮೆಗೇ ಭುಗ್ಗೆಂದು ಹಾರಿ, ಕಾಗದವನ್ನು ಸುಡದೆ ಹೋಗಬೇಕು. ಕಪ್ಪು ಮಣಿಗಳೋ ಸುಟ್ಟ ಕಲೆಗಳೋ ಉಳಿದರೆ ಮದ್ದು ಕೀಳು. ಫ್ರಾನ್ಸಿನಲ್ಲಿ 1686ರಲ್ಲಿಯೇ ಇದಕ್ಕೊಂದು ರಾಜಾಜ್ಞೆಯಿತ್ತು: ಮೂರು ಔನ್ಸ್ ಮದ್ದು 60 ಪೌಂಡಿನ ಗುಂಡನ್ನು ಸುಮಾರು 100 ಗಜ ಎಸೆಯಬೇಕು.

ಹೀಗಿರುವಾಗ ಸಗಣಿಯಾಗಲಿ ಕಾಳಾಗಲಿ ಬೆರೆತಿದ್ದರೆ ಅದು ಅನುಭವಿಯ ಕಣ್ಣಿಗೂ ಕೈಗೂ ಮರೆಯಾಗುವಂಥದಲ್ಲ. ಕದನದ ಗಡಿಬಿಡಿಯಲ್ಲಿ ಪರೀಕ್ಷೆಗೆ ವೇಳೆಯೆಲ್ಲಿ ಎಂದು ನೀವು ಕೇಳಬಹುದು. ಮಾತು ಸರಿಯೇ. ಆದರೆ ಯುದ್ಧ ಮತ್ತೆ ಬರುವುದೆಂದು ತಿಳಿದಿದ್ದ ಕೋಟೆಗೆ ಆರು ವಾರಗಳ ಬಿಡುವಿತ್ತು.

ಮದ್ದಿಗೆ ನಿಜವಾದ ವೈರಿ ತೇವ. ಸವದತ್ತಿ, ರಾಮದುರ್ಗಗಳ ಒಣಹವೆ ಕಿತ್ತೂರಿಗಿಲ್ಲ. ಅದು ಮಲೆನಾಡಿನ ಸೆರಗಿನ ಊರು. ತೇವವುಂಡ ಮದ್ದಿನಲ್ಲಿ ಪೆಟ್ಲುಪ್ಪು ಕರಗಿ, ಹೊರಬಂದು, ಹರಳಿನ ಮೇಲೆ ಬಿಳಿಯ ಚುಕ್ಕೆಗಳಾಗಿ ಕೂರುತ್ತದೆ. ಅಂಥದನ್ನು ಬಿಸಿಲಿಗೆ ಹರವಿ ಒಣಗಿಸಿದರೂ ಹಿಂದಿನ ಕಸುವು ಬಾರದು. ಹಾಗೆ ಮಳೆಗಾಲ ಮದ್ದನ್ನು ಕೆಡಿಸಿದ್ದರೆ, ಆ ಮಳೆಗಾಲದ ಬೆನ್ನಲ್ಲೇ ನಡೆದ ಅಕ್ಟೋಬರಿನ ಕದನದಲ್ಲಿಯೇ ಅದು ಕೈಕೊಡಬೇಕಿತ್ತು. ಕೊಡಲಿಲ್ಲ.

ಡಿಸೆಂಬರಿನಲ್ಲಿ ಬದಲಾದದ್ದು ಎದುರಾಳಿಯ ಬಲ. ಕಮಿಷನರ್ ಚಾಪ್ಲಿನ್ನನೊಡನೆ ದೊಡ್ಡ ಸೈನ್ಯ ಬಂದಿತು, ಗೋಡೆ ಒಡೆಯುವ ಭಾರಿ ತೋಪುಗಳು ಬಂದವು. ಆಗಲೂ ಕಿತ್ತೂರಿನ ಕೋವಿಗಳು ಸುಮ್ಮನಿರಲಿಲ್ಲ. ಸೊಲ್ಲಾಪುರದ ಉಪಕಲೆಕ್ಟರ್ ಮನ್ರೋ ಸತ್ತದ್ದು ಈ ಎರಡನೆಯ ಕಾಳಗದಲ್ಲಿ.

ಹಾಗಾದರೆ ದ್ರೋಹದ ಕಥೆ ಹುಟ್ಟಿದ್ದೆಲ್ಲಿ? ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಮರುವರ್ಷ ಸಂಗೊಳ್ಳಿ ರಾಯಣ್ಣನನ್ನು ನಂಬಿದವರೇ ಹಿಡಿದುಕೊಟ್ಟರು. 1831ರಲ್ಲಿ ನಂದಗಡದಲ್ಲಿ ಅವನಿಗೆ ಗಲ್ಲಾಯಿತು. ಆ ಗಾಯದ ನೆನಪು ಹಿಂದಕ್ಕೆ ಹರಿದು 1824ರ ಮದ್ದಿನ ಮನೆಯನ್ನೂ ಹೊಕ್ಕಿತೆಂದು ನನ್ನ ಊಹೆ.

ಸೋಲಿಗೆ ಒಬ್ಬ ದ್ರೋಹಿ ಸಿಕ್ಕರೆ ಮನಸ್ಸಿಗೆ ಸಮಾಧಾನ. ಆದರೆ ಮದ್ದೇ ಕೆಟ್ಟಿತ್ತೆಂದು ಕಥೆ ಮುಗಿಸಿದರೆ, ಒಡೆದ ಗೋಡೆಯ ಹಿಂದೆ ನಿಂತು ಅದೇ ಮದ್ದನ್ನು ತುಂಬಿ ಗುಂಡು ಹಾರಿಸಿದವರನ್ನು ಮರೆತಂತೆ. ಅವರ ಹೆಸರುಗಳನ್ನು ಯಾವ ಲಾವಣಿಯೂ ಎಣಿಸಿ ಮುಗಿಸಿಲ್ಲ. ಅವರು ಸೋತದ್ದು ಕಸಕ್ಕಲ್ಲ, ತೋಪಿಗೆ.